ಮುಕ್ಕಾಲಿ ಹೂಡಿದ ಸಂಜೆ

ಎಲ್ಲ ರಗಳೆಗೂ ಕಾರಣ ಒಂದು ಹಳದಿ ಮುಕ್ಕಾಲಿ. ಆಕಾಶದ ಬೆಳಕನ್ನು ಅಳೆಯುವ ಪುಟ್ಟ ಯಂತ್ರವನ್ನು ನಿಲ್ಲಿಸಲು ವೇಣು ಅದನ್ನು ಸೇಲಂನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ತಮಿಳುನಾಡಿನ ಕಂಬೈನಲ್ಲೂರಿನಾಚೆ, ಕನ್ನಡ ಮಾತಾಡುವ ಕುರಿಗಾಹಿಗಳ ಗುಡ್ಡದ ನೆತ್ತಿಯಲ್ಲಿ ಹೂಡಿದ್ದ. ಶುಕ್ರಗ್ರಹದ ಮೋಡಗಳಲ್ಲಿ ಬಿಸಿಲು ಹೇಗೆ ಚದುರುತ್ತದೆ ಎಂದು ವರ್ಷಗಟ್ಟಲೆ ಕೂತು ಸಮೀಕರಣ ಕಟ್ಟಿದವನು ಅವನು. ಆದರೆ ಅವನ ಪ್ರೊಫೆಸರ್ ರಮಾ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ನಿನ್ನ ಲೆಕ್ಕ ಮೊದಲು ನಮ್ಮ ಆಕಾಶಕ್ಕೆ ಒಪ್ಪಲಿ. ಇವತ್ತಿನ ಸೂರ್ಯಾಸ್ತದ ಅಳತೆ ನಾಳೆ ನನ್ನ ಮೇಜಿನ ಮೇಲಿರಬೇಕು. ಇಲ್ಲಾಂದ್ರೆ ಪಿಎಚ್.ಡಿ. ಮರೆತುಬಿಡು."

ಒಂದು ಕಣ್ಣು ಮುಚ್ಚಿ ವೇಣು ಯಂತ್ರದ ಕೊಳವೆಗೆ ಬಾಗಿದ್ದ, ಅಷ್ಟೇ. ಬೆನ್ನ ಹಿಂದೆ ಕೂಗು ಎದ್ದಿತು.

"ಬಂದವ್ರೆ ಕಣ್ಲಾ! ಬುಡಬ್ಯಾಡಿ!"

ತಿರುಗಿ ನೋಡಿದರೆ ಊರಿಗೆ ಊರೇ ಗುಡ್ಡ ಹತ್ತುತ್ತಿದೆ. ಎಲ್ಲರ ಕೈಯಲ್ಲೂ ಕುರಿ ಕಾಯುವ ಕೋಲು. ರಸ್ತೆ ಅಳೆಯಲು ಹೋದ ಯಾರನ್ನೋ ಮರಕ್ಕೆ ಕಟ್ಟಿದ ಕತೆ ಬಸ್ಸಿನಲ್ಲೇ ಅವನ ಕಿವಿಗೆ ಬಿದ್ದಿತ್ತು. ವೇಣುವಿನ ಎದೆ ಕಡ್ಲೆಕಾಯಿ ಬಿಡಿಸುವ ಮೆಷೀನಿನಂತೆ ಬಡಿಯತೊಡಗಿತು.

ಊರ ಹಿರಿಯ ಮಾದಯ್ಯ ಬಂದವನೇ ಅವನ ಮಣಿಕಟ್ಟು ಹಿಡಿದ. "ಸಾರ್, ಸರ್ವೆ ಆಫೀಸರ್ ತಾನೇ?" ಉತ್ತರಕ್ಕೂ ಕಾಯದೆ ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟ. "ಆಮಾ, ಔದು, ಸಿಕ್ಕಿಟ್ಟಾರು! ಕತ್ತಿ ಮಸೀರಿ. ದೊಡ್ಡ ಹಂಡೆ ಒಲೆ ಮ್ಯಾಲೆ ಇಕ್ಕಿ!"

ವೇಣು ಕೈ ಬಿಡಿಸಿಕೊಳ್ಳಲು ಕೊಸರಾಡಿದ. "ಅಯ್ಯೋ ತಾತಾ, ಏಳುಮಲೆ ಮಾದಪ್ಪನ ಆಣೆ! ನೆಲ ಅಳಿಯೋಕೆ ಬಂದಿಲ್ಲ. ನಾನು ಅಳಿಯೋದು ಆಕಾಸ!"

"ಆಕಾಸನಾ?" ಮಾದಯ್ಯನ ಹೆಂಡತಿ ಮಾರಕ್ಕ ಕೆನ್ನೆಗೆ ಕೈ ಹಚ್ಚಿದಳು.

"ಊಂ ಅಕ್ಕಾ. ನಿಮ್ಮ ಕುರಿ ಮಂದೆ ಮುಳ್ಳುಪೊದೆಗೆ ನುಗ್ಗಿದ್ರೆ ಏನಾಯ್ತದೆ? ಒಂದು ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ಬಂದ ದಾರಿಗೇ ತಿರುಗ್ತದೆ. ಬಿಸಿಲೂ ಅಂಗೇ. ಗಾಳೀಲಿ ಡಿಕ್ಕಿ ಒಡೀತಾ ಒಡೀತಾ ಚೆಲ್ಲಾಪಿಲ್ಲಿ. ನೀಲಿ ಮರಿಗಳು ಮೊದ್ಲೇ ಚದುರೋಯ್ತವೆ, ಕೆಂಪು ಟಗರು ನೇರ ಆಚೆ ಬರ್ತದೆ. ಅದ್ಕೇ ಸಂಜೆ ಕೆಂಪು. ಯಾವ ಕಿರಣ ಎತ್ತ ತಿರುಗ್ತದೆ ಅಂತ ಕಂಪ್ಯೂಟರಾಗೆ ದಾಳ ಉರುಳಿಸಿ ಉರುಳಿಸಿ ಲೆಕ್ಕ ಆಕ್ತೀನಿ. ಇಲ್ಲಿ ಸರಿಬಂದ್ರೆ ಅದೇ ಲೆಕ್ಕ ಶುಕ್ರಗ್ರಹಕ್ಕೆ."

"ಕುರಿ ವಿಸ್ಯ ಸರಿಯಾಗೇ ಏಳ್ತದೆ ಉಡ್ಗ," ಎಂದಳು ಮಾರಕ್ಕ.

ಮಾದಯ್ಯನ ಮುಖ ಮಾತ್ರ ಬಾಡಿತು. "ಅಂಗಾರೆ... ನೀವು ರೋಡಿನವ್ರಲ್ವಾ?"

"ಸತ್ಯವಾಗ್ಲೂ ಅಲ್ಲ!" ವೇಣು ಗೆದ್ದವನಂತೆ ನಕ್ಕ.

ಕೋಲುಗಳೆಲ್ಲ ಕೆಳಗಿಳಿದವು. ಮಾದಯ್ಯ ಮಣಿಕಟ್ಟು ಬಿಟ್ಟ. ಹಿಡಿದದ್ದಕ್ಕಿಂತ ಆ ಬಿಟ್ಟದ್ದೇ ವೇಣುವಿಗೆ ಹೆಚ್ಚು ಭಯ ಹುಟ್ಟಿಸಿತು.

"ರೋಡು ಬೇಕು ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಗೋಯ್ತು. ಕಡೇಗೂ ಆಫೀಸರ್ ಬಂದ್ರು ಅಂತ ಕೋಳಿ ಕುಯ್ಸಕ್ಕೆ ಏಳಿದ್ರೆ..." ಮಾದಯ್ಯ ಫೋನನ್ನು ಜೇಬಿಗೆ ತುರುಕಿದ.

ಮಾರಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಬಸುರೀರ್ನ ಡೋಲೀಲಿ ಒತ್ಕಂಡು ಈ ಗುಡ್ಡ ದಾಟ್ತೀವಿ ಕಣ್ಲಾ! ಶುಕ್ರಂಗೆ ಅಳ್ತೆ ಐತೆ, ನಮ್ಗಿಲ್ವಾ? ಎತ್ರೋ ಆ ಮಿಷಿನ್ನ. ರೋಡು ಬರೋಗಂಟ ನಮ್ಮನೇಲೇ ಇರ್ಲಿ!"

ಹತ್ತು ಕೈಗಳು ಮುಕ್ಕಾಲಿಗೆ ಬಿದ್ದವು. ಅತ್ತ ಸೂರ್ಯ ಕೆಂಪಗೆ ಜಾರುತ್ತಿದ್ದ. ಯಂತ್ರ ಹೋದರೆ ಅಳತೆ ಹೋಯಿತು. ಅಳತೆ ಹೋದರೆ ಪಿಎಚ್.ಡಿ.ಯೇ ಹೋಯಿತು. ವೇಣುವಿನ ಬುದ್ಧಿ ಅಲ್ಲೇ ಕೈಕೊಟ್ಟಿತು.

"ಇರಿ, ಇರಿ! ತಮಾಷೆ ಮಾಡ್ದೆ! ನಾನೇ ಸರ್ವೆ ಆಫೀಸರ್! ಅದ್ನ ಅಲ್ಲೇ ನಿಲ್ಸಿ, ಈಗ್ಲೇ ರೋಡು ಅಳೀತೀನಿ!"

ಗುಡ್ಡವೇ ಹೋ ಎಂದು ಅರಚಿತು. ಮುಕ್ಕಾಲಿ ಮತ್ತೆ ನೆಲಕ್ಕಿಳಿಯಿತು. ಮಾರಕ್ಕ ಅವನ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಮನಸ್ಸಿನಲ್ಲೇ ಮಾದಪ್ಪನಿಗೆ ತಪ್ಪುಕಾಣಿಕೆ ಹೇಳಿಕೊಂಡು ವೇಣು ಕಣ್ಣನ್ನು ಕೊಳವೆಗೆ ಹಚ್ಚಿದ. ಇನ್ನೊಂದು ಗಳಿಗೆ ಸಾಕು, ಅಳತೆ ಸಿಕ್ಕಿಬಿಡುತ್ತಿತ್ತು.

ಕೊಳವೆ ಕತ್ತಲಾಯಿತು.

ತಲೆಯೆತ್ತಿದ. ಸೂರ್ಯನಿಗೆ ಅಡ್ಡವಾಗಿ ಗುಡ್ಡದ ಆಚೆ ಮಗ್ಗುಲಿನಿಂದ ಇನ್ನೊಂದು ಊರು ಹತ್ತಿ ಬಂದಿತ್ತು. ಇವರ ಕೋಲುಗಳು ಇನ್ನೂ ದಪ್ಪ. ಮುಂದೆ ನಿಂತವನು ಪೊನ್ನುಸ್ವಾಮಿ. ತಮ್ಮ ಹೊಲಗಳ ಮೇಲೆ ರಸ್ತೆ ಹಾಯಕೂಡದೆಂದು ಪಟ್ಟು ಹಿಡಿದ ಊರಿನ ಮುಖಂಡ. ಅವನು ಪಂಚೆ ಎತ್ತಿ ಕಟ್ಟಿ ಗುಡುಗಿದ: "ಸರ್ವೇಯರ್ ಎವನ್‌ಡಾ? ಯಾವನೋ ಅವ್ನು?"

ವೇಣು ಅಳುಮೋರೆಯಲ್ಲಿ ಮಾದಯ್ಯನತ್ತ ನೋಡಿದ.

ಮಾದಯ್ಯ ಎದೆಯುಬ್ಬಿಸಿ, ಅವನ ಹೆಗಲು ಹಿಡಿದು ಮುಂದಕ್ಕೆ ನಿಲ್ಲಿಸಿದ. "ಇವ್ರೇ ಕಣಪ್ಪ ಪೊನ್ನುಸ್ವಾಮಿ! ಬೇರೆ ಯಾರ್ನೂ ಕೇಳ್ಬ್ಯಾಡ, ಈಗ್ತಾನೆ ಅವ್ರ ಬಾಯಿಂದ್ಲೇ ಒಪ್ಕಂಡವ್ರೆ."