ಭರತಿ ಬಂದಾಗ ಭಟ್ಟಿ ಬಂದ್

ಮಿರಜ ಊರಿಗೆ ಸಮುದ್ರ ಇಲ್ಲ. ಇದು ಸರ್ಕಾರಕ್ಕ ಗೊತ್ತೈತಿ. ಗೊತ್ತಿದ್ದೇ ಅದು, ಸಮುದ್ರದ ಗಾಳಿಯಿಂದ ಕರೆಂಟ್ ತಗಿಯೂ ಮಂಡಳಿದ ಆಫೀಸ ಮಿರಜದ ಸ್ಟೇಷನ್ ರೋಡಿನ್ಯಾಗ ತಗದೈತಿ. ದಂಡಿಮ್ಯಾಲ ಆಫೀಸ ಇಟ್ರ ಗಾಳಿಗೆ ಕಾಗದ ಹಾರತಾವ ಅಂತ ಮುಂಬೈದ ಹಿರೇ ಸಾಹೇಬ ಟಿಪ್ಪಣಿ ಬರದಿದ್ದ. ಟಿಪ್ಪಣಿ ಬರೋಬ್ಬರಿ ಇತ್ತು. ಮಿರಜದಾಗ ಇವತ್ತಿನತನ ಒಂದು ಕಾಗದಾನೂ ಜಾಗಾ ಬಿಟ್ಟು ಅಳ್ಳಾಡಿಲ್ಲ.

ಈ ಆಫೀಸಿನ ಸಾಹೇಬ ಬಸವಪ್ರಸಾದ, ಅಲ್ಲೇ ಬಾಜೂಕಿನ ವಿಶ್ರಾಮಬಾಗದಾಂವ. ಮನ್ಯಾಗ ಅವ್ವ ಕನ್ನಡ ಮಾತಾಡಿದ್ರ ತಿಳೀತೈತಿ, ತಾ ಮಾತಾಡಾಕ ಹೋದ್ರ ಅರ್ಧಾ ಮರಾಠಿ ಬರತೈತಿ. ಸಮುದ್ರದಾಗ ಗಾಳಿ ಕಂಬ ನಿಲ್ಸೂಕಿಂತ ಮೊದಲ, ಅದರಿಂದ ಯಾರಿಗೆ ಏನ ತ್ರಾಸ ಆಗತೈತಿ ಅಂತ ಮಂದೀನ ಕೂಡ್ಸಿ ಕೇಳಬೇಕಂತ ಕಾಯ್ದೆ ಐತಿ. ದಂಡಿಮ್ಯಾಲ ಕೇಳಿದ್ರ, ಮೀನ ಹಿಡಿಯೂ ಮಂದಿ ಉತ್ತರಾ ಕೊಡೂದು ಬಿಟ್ಟು ತಾವ ಪ್ರಶ್ನೆ ಕೇಳತಾರ. ಅದಕ್ಕ ಕಾಯ್ದೆನೂ ಮುರೀಬಾರದು, ಕಿರಿಕಿರಿನೂ ಆಗಬಾರದು ಅಂತ ಮಿರಜದಾಗ ಕೇಳೂದು ಠರಾವ ಆತು. ಕರ್ನಾಟಕದ ದಂಡಿ ಬಾಜೂಕ ಐತಿ ಅಂತ ನೋಟೀಸ ಕನ್ನಡದಾಗೂ ಬೇಕಾತು. ಬಸವಪ್ರಸಾದ ಮೊಬೈಲಿಗೆ ಹೇಳಿ ಬರಿಸಿ, ಮಾರ್ಕೆಟಿನ ಹಿಂದಿನ ಓಣಿ ಗ್ವಾಡಿಗೆ ಹಚ್ಚಿಸಿದ:

"ಕಡಲ ಗಾಳಿಯಿಂದ ಬಾಧಿತರಾಗಬಹುದಾದ ಸಮಸ್ತರೂ ಪರಿಸರ ಸಂಬಂಧಿ ಅಹವಾಲು ಸಭೆಗೆ ಖುದ್ದು ಹಾಜರಾಗತಕ್ಕದ್ದು. ಗೈರುಹಾಜರಾದವರಿಗೆ ಬಾಧೆ ಇಲ್ಲವೆಂದು ಭಾವಿಸಲಾಗುವುದು."

ಆ ಗ್ವಾಡಿ ಎದರಿಗೇ ಸುನಂದಾಬಾಯಿದು ಫುಟಾಣಿ ಭಟ್ಟಿ. ಅತ್ತಿ ಕಾಲದಿಂದ ನಡದದ್ದು. ಕಡ್ಲಿ ಹುರಿಯಾಕಿ ಆಕಿ, ಮುಂದ ಅಂಗಡ್ಯಾಗ ಕುಂತು ಮಾರಾಂವ ಗಂಡ ಗುರುಸಿದ್ಧಪ್ಪ. ಹುರದ ಕಡ್ಲಿ ತೂರಿದಾಗ ಸಿಪ್ಪಿ ಹಾರತೈತಿ. ಹಾರಿದ್ದು ಹಿಂದಿನ ಮನ್ಯಾಗಿನ ಶಾಲನ ಅನ್ನಾಕಿ ಗಚ್ಚಿಗೆ ಹೋಗಿ, ಆಕಿ ಒಣಾ ಹಾಕಿದ ಹಪ್ಪಳದ ಮ್ಯಾಲ ಕುಂಡ್ರತೈತಿ. ಶಾಲನ ಜೈನರಾಕಿ, ಹಪ್ಪಳ ಮಾಡಿ ಮಾರತಾಳ, ಬಾಯಿ ಸಣ್ಣದಲ್ಲ. "ಈ ಭಟ್ಟಿ ಮುಚ್ಚಸಲಿಲ್ಲಂದ್ರ ನನ್ನ ಹೆಸರ ಕರೀಬ್ಯಾಡ್ರಿ" ಅಂತ ಇಡೀ ಓಣಿಗೆ ಕೇಳೂಹಂಗ ಅಂದಾಕಿ.

ಸುನಂದಾಬಾಯಿ ನೋಟೀಸ ಕಂಡು ಗಂಡನ್ನ ಕರದ್ಲು. "ಏನ ಬರದಾರ, ಓದ್ರಿ."

ಗುರುಸಿದ್ಧಪ್ಪ ಕನ್ನಡ ಸಾಲ್ಯಾಗ ಮೂರನೇ ಇಯತ್ತೆತನ ಕಲ್ತಾಂವ. ಬೆರಳ ಇಟ್ಟು ಓದಿದ. "ಕ... ಡ... ಲ. ಕಡ್ಲಿ ಅಂತ ಬರಿಯಾಕ ಹೋಗಿ ತಪ್ಪ್ಯಾರ. ಸರ್ಕಾರದವರು ಹಿಂಗೇ. ಕಡ್ಲಿ ಗಾಳಿಯಿಂದ ತ್ರಾಸ ಆದವರೆಲ್ಲಾ ಬರ್ರಿ ಅಂತ ಕರದಾರ."

ಆ ಮನಿತನದಾಗ ಸಮುದ್ರಕ್ಕ ಸಮುದ್ರ ಅಂತಾರ. ಕಡಲ ಅನ್ನೂದು ಪುಸ್ತಕದ ಶಬ್ದ, ಆ ಪುಸ್ತಕ ಮಿರಜದ ಮಾರ್ಕೆಟಿಗೆ ಬಂದಿಲ್ಲ.

"ಇದು ಶಾಲನಂದೇ ಕೆಲಸ," ಅಂದ್ಲು ಸುನಂದಾಬಾಯಿ. "ಸರ್ಕಾರದತನ ಹೋಗ್ಯಾಳ. ಭಟ್ಟಿ ಬಂದ್ ಮಾಡಸ್ತಾಳ."

"ತ್ರಾಸ ಆದವರು ಬರ್ರಿ ಅಂದಾರ. ನಿನಗೇನ ತ್ರಾಸ ಐತಿ?"

"ನೀವ ಇದ್ದೀರಲ್ಲ. ನಾ ಹೋಗಲಿಲ್ಲಂದ್ರ ಆಕಿ ಹೇಳಿದ್ದೇ ಖರೆ ಆಗತೈತಿ."

ಸಭಾದ ದಿನ ಇರಕಲ್ ಸೀರಿ ಉಟ್ಟು, ಬಿಸಿ ಫುಟಾಣಿ ಒಂದು ಪುಡಿಕಿ ಕಟ್ಟಿಕೊಂಡು ಹೋದ್ಲು. ಹಾಲ್ ತುಂಬ ಖುರ್ಚಿ ಇದ್ವು, ಮಂದಿ ಆಕಿ ಒಬ್ಬಾಕಿ. ಶಾಲನಗ ಕನ್ನಡ ಓದಾಕ ಬರೂದಿಲ್ಲ, ಹಿಂಗಾಗಿ ಆಕಿಗೆ ಬಾಧೆ ಇಲ್ಲವೆಂದು ಭಾವಿಸಲಾತು. ಸ್ಟೇಜಿನ ಹಿಂದ ಬ್ಯಾನರಿನ್ಯಾಗ ತಿಮಿಂಗಿಲದ ಚಿತ್ರ ಇತ್ತು. ಸುನಂದಾಬಾಯಿ ಅದನ್ನ ಕಡ್ಲಿಗೆ ಬೀಳೂ ಹುಳ ಅಂತ ತಿಳಕೊಂಡ್ಲು. ಸರ್ಕಾರ ಸಣ್ಣ ಮಾತ ಭಾಳ ಹಿಗ್ಗಸ್ತೈತಿ ಅಂತ ಮನಸಿನ್ಯಾಗೇ ಅಂದಕೊಂಡ್ಲು.

"ಬಸಾ, ಬಸಾ, ಕುಂದ್ರಿ ಮಾವಶಿ," ಅಂದ ಬಸವಪ್ರಸಾದ. ಯಾರೂ ಬರಲಿಲ್ಲಂದ್ರ ಆಫೀಸ ಖರೇ ಸಮುದ್ರದ ದಂಡಿಗೆ ಹೋಗತೈತಿ ಅಂತ ಅಂವಗ ರಾತ್ರಿ ನಿದ್ದಿ ಇದ್ದಿದ್ದಿಲ್ಲ. ಪ್ರಶ್ನೆ ಮುಂದ ಇಟ್ಕೊಂಡು ಸುರು ಮಾಡಿದ. "ಗಾಳಿ ಯಾವ ಕಡಿಂದ ಬರತೈತಿ?"

"ಪಡುವಲ ಕಡಿಂದರಿ. ಮಧ್ಯಾಹ್ನ ಆದಮ್ಯಾಗ ಜೋರ."

"ಛಾನ್. ತಳದಾಗ ಏನೈತಿ?"

"ಉಸುಕುರಿ. ಮತ್ತೇನ ಇರತೈತಿ?"

"ನೀರು?"

"ಉಪ್ಪಿನ ನೀರ್ರಿ. ಉಪ್ಪ ಇಲ್ಲಂದ್ರ ಯಾರ ಕೇಳತಾರ?"

"ಹಕ್ಕಿಗೆ ಏನರೆ ತ್ರಾಸ?"

"ಎಲ್ಲಿ ತ್ರಾಸರಿ. ಗುಬ್ಬಿ, ಪಾರಿವಾಳ ತಿಂದ ತಿಂದ ಹಾರಾಕ ಬರವಲ್ದು ಅವಕ್ಕ."

ಬಸವಪ್ರಸಾದ ಬರಕೊಂಡ: "ಪಕ್ಷಿಗಳು ಹಾರುವುದನ್ನು ಸ್ವಇಚ್ಛೆಯಿಂದ ನಿಲ್ಲಿಸಿರುವುದರಿಂದ, ಕಂಬಕ್ಕೆ ಬಡಿಯುವ ಸಂಭವ ಇರುವುದಿಲ್ಲ."

"ಮೀನು?"

ಸುನಂದಾಬಾಯಿ ಸೆರಗ ಸರಿ ಮಾಡಿಕೊಂಡ್ಲು. "ಸಾಹೇಬ್ರ, ನಾವು ಲಿಂಗಾಯತರು. ಹಿಂದಿನ ಮನಿಯವರು ಜೈನರು. ನಮ್ಮ ಓಣ್ಯಾಗ ಆ ಹೆಸರ ತಗಿಯಂಗಿಲ್ಲ."

"ಮೀನಿನ ಪರವಾಗಿ ಸ್ಥಳೀಯರ ಆಕ್ಷೇಪಣೆ ಇರುವುದಿಲ್ಲ," ಅಂತ ಬರಕೊಂಡ. "ಕಡೀ ಪ್ರಶ್ನೆ. ಹಡಗ ಓಡಾಡತಾವೇನ?"

"ಹಡಗ ಯಾಕ ಬರತಾವರಿ? ಟೆಂಪೋ ಬರತೈತಿ. ಅದೂ ಹಿಂದಕ್ಕ ಹಿಂದಕ್ಕ ಬರಬೇಕು, ಓಣಿ ಸಣ್ಣದು."

ಬಸವಪ್ರಸಾದ ಪೆನ್ನ ಕೆಳಗ ಇಟ್ಟ. "ಮಾವಶಿ, ಸಮುದ್ರದಾಗ ಓಣಿ ಎಲ್ಲೈತಿ?"

"ಯಾವ ಸಮುದ್ರರಿ? ನಾ ಕಡ್ಲಿ ಮಾತ ಹೇಳಾಕತ್ತೇನಿ. ಹರಭರಾ." ಪುಡಿಕಿ ಬಿಚ್ಚಿ ಟೇಬಲ್ ಮ್ಯಾಲ ಇಟ್ಲು. "ಉಸುಕಿನ್ಯಾಗ ಹುರದು, ಉಪ್ಪಿನ ನೀರ ಹಚ್ಚಿದ್ದು. ತಿಂದ ನೋಡ್ರಿ. ಆಮ್ಯಾಲ ಮುಚ್ಚೂದಿದ್ರ ಮುಚ್ಚರಿ."

ಅಂವ ತಿಂದ. ತಿನಕೋತ ಮುಂಬೈದ ಹಿರೇ ಸಾಹೇಬಗ ಫೋನ್ ಹಚ್ಚಿದ.

"ಎಲ್ಲಾ ಪ್ರಶ್ನೆಗೂ ಉತ್ತರ ತುಂಬೈತೇನು?" ಅಂತ ಕೇಳಿದ ಹಿರೇ ಸಾಹೇಬ.

"ತುಂಬೈತಿ ಸರ್. ಆದ್ರ ಫುಟಾಣಿದು."

"ತುಂಬಿದ್ದನ್ನ ಖಾಲಿ ಮಾಡಾಕ ಕಾಯ್ದೆ ಇಲ್ಲ. ಉಸುಕೈತಿ, ಉಪ್ಪಿನ ನೀರೈತಿ, ಪಡುವಲ ಗಾಳಿ ಐತಿ. ಸಮುದ್ರಕ್ಕ ಇನ್ನೇನ ಬೇಕು?"

"ನೀರ ಸ್ವಲ್ಪ ಕಮ್ಮಿ ಐತಿ, ಸರ್."

"ಹೊಳಿಗೆ ಮಹಾಪೂರ ಬಂದಾಗ ಭರ್ತಿ ಆಗತೈತಿ. ಆ ಊರ ನನಗ ಗೊತ್ತಿಲ್ಲೇನು?"

ವಾರ ಒಪ್ಪತ್ತಿನ್ಯಾಗ ಅದೇ ಗ್ವಾಡಿಗೆ ಹುಕುಂ ಬಿತ್ತು:

"ಸದರಿ ಓಣಿಯನ್ನು ಅಲ್ಪಜಲ ಸಮುದ್ರವೆಂದು ಘೋಷಿಸಲಾಗಿದೆ. ಭಟ್ಟಿಯ ಚಿಮಣಿಯನ್ನು ಗಾಳಿ ಕಂಬವೆಂದು ತಿಳಿಯತಕ್ಕದ್ದು. ಸಮುದ್ರದೊಳಗಿನ ಭಟ್ಟಿಯನ್ನು ಮುಚ್ಚಿಸುವ ಅಧಿಕಾರ ದಂಡೆಯ ಮೇಲಿನ ಯಾವ ಕಚೇರಿಗೂ ಇರುವುದಿಲ್ಲ."

ಭಟ್ಟಿ ಉಳೀತು. ಸುನಂದಾಬಾಯಿ ಓಣಿ ತುಂಬ ಫುಟಾಣಿ ಹಂಚಿದ್ಲು, ಶಾಲನನ ಮನಿಗೆ ಒಂದ ಮುಟಗಿ ಜಾಸ್ತಿನೇ ಕಳಿಸಿದ್ಲು. ಚಿಮಣಿಗೆ ಹಡಗದವರಿಗೆ ಕಾಣ್ಲೆಂತ ಕೆಂಪ ದೀಪ ಹಚ್ಚಿದ್ರು. ಗುರುಸಿದ್ಧಪ್ಪಗ ಅಂಗಡ್ಯಾಗ ಕುಂಡ್ರೂ ಮುಂದ ಹಾಕ್ಕೊಳಾಕ ಗಾಳಿ ತುಂಬಿದ ಜಾಕೀಟ ಕೊಟ್ರು. ಬೆನ್ನಿಗೆ ಮೆತ್ತನ ಲೋಡ ಇಟ್ಟಂಗ ಆಗತೈತಿ ಅಂತ ಅಂವ ಅದನ್ನ ಮನ್ಯಾಗೂ ಬಿಚ್ಚವಲ್ಲ.

ಶಾಲನ ಸಿಪ್ಪಿ ಹತ್ತಿದ ಹಪ್ಪಳ ಕೈಯಾಗ ಹಿಡಕೊಂಡ ಆಫೀಸಿಗೆ ನಡದ್ಲು. ಬಸವಪ್ರಸಾದ ಆಕಿಗೂ ಖುರ್ಚಿ ಕೊಟ್ಟು, ಆಕಿ ಹೆಸರ ಸರ್ಕಾರಿ ಕಡತದಾಗ ಮೊದಲೇ ಬಂದೈತಿ ಅಂತ ಹೇಳಿದ. ಸಮುದ್ರದ ದಂಡಿಮ್ಯಾಲ ಮನಿ ಇದ್ದವರೆಲ್ಲಾ ಮೀನಗಾರರು ಅಂತ ಕಾಯ್ದೆ.

"ನಾ ಹೊತ್ತ ಮುಳಗಿದ ಮ್ಯಾಲ ಊಟ ಮಾಡಂಗಿಲ್ಲ," ಅಂದ್ಲು ಶಾಲನ. "ಉಳ್ಳಾಗಡ್ಡಿ ಮುಟ್ಟಂಗಿಲ್ಲ. ನಾ ಮೀನಗಾರ್ತಿ ಏನು?"

"ಹಿಡೀಬೇಕಂತ ಏನಿಲ್ಲ ಮಾವಶಿ. ಮೀನ ಹಿಡಿಯದ ಮೀನಗಾರ ಅಂತ ಬ್ಯಾರೆ ವರ್ಗ ಐತಿ."

ಶಾಲನ ಮಗಳನ್ನ ರತ್ನಾಗಿರಿಗೆ ಕೊಟ್ಟಾಳ. ಸಮುದ್ರ ಕಣ್ಣಿಲೆ ಕಂಡಾಕಿ. ಹಪ್ಪಳ ಟೇಬಲ್ ಮ್ಯಾಲ ಇಟ್ಟು ಕೇಳಿದ್ಲು: "ನಿಮ್ಮ ಸಮುದ್ರಕ್ಕ ಭರತಿ ಬರತೈತೋ ಇಲ್ಲೋ?"

"ಅಂದ್ರ?"

"ಅಂದ್ರ ಏನಪಾ, ಸಮುದ್ರದ ಆಫೀಸರ ನೀ. ನೀರ ಏರಿದ್ರ ಭರತಿ, ಇಳದ್ರ ಓಹೋಟಿ. ಭರತಿ ಬಂದಾಗ ಆಕಿ ನೀರಾಗ ಬೆಂಕಿ ಹೆಂಗ ಹಚ್ಚತಾಳ?"

ಬಸವಪ್ರಸಾದನ ಮಾರಿ ಇಳೀತು. ಭರತಿ ಇಲ್ಲದ ಸಮುದ್ರ ಅಂದ್ರ ಅಪೂರ್ಣ ದಾಖಲೆ. ಸುನಂದಾಬಾಯಿಗೆ ಬರಾಕ ಹೇಳಿ ಕಳಿಸಿದ. ಇಬ್ಬರೂ ಹೆಣ್ಣಮಕ್ಕಳು ಟೇಬಲಿನ ಆಕಡಿಗೊಬ್ಬರು ಈಕಡಿಗೊಬ್ಬರು ಕುಂತು ಭರತಿ ಹಂಚಿಕೊಳ್ಳಾಕ ಹತ್ತಿದ್ರು.

"ಮುಂಜಾನೆ ಓಹೋಟಿ ಇರಬೇಕು," ಅಂದ್ಲು ಸುನಂದಾಬಾಯಿ. "ನಾ ಹುರಿಯೂದು ಆವಾಗ."

"ಇರ್ಲಿ. ನನ್ನ ಹಪ್ಪಳ ಒಣಗೂದು ಮಧ್ಯಾಹ್ನ. ಭರತಿ ಆವಾಗ ಬರ್ಲಿ."

"ಶ್ರಾವಣದಾಗ ಗಿರಾಕಿ ಭಾಳ. ಆವಾಗ ಸ್ವಲ್ಪ ತಡಾ ಬರ್ಲಿ."

"ಶ್ರಾವಣದಾಗ ಹಪ್ಪಳ ಯಾರ ಒಣಗಸ್ತಾರವ್ವಾ? ಬರದಿದ್ರೂ ನಡೀತೈತಿ."

ಬಸವಪ್ರಸಾದಗ ಒಂದ ಸಂಶೇ ಬಂತು. ಭರತಿ ಚಂದ್ರನ ಕೈಯಾಗಿನ ಮಾತ ಅಂತ ಸಾಲ್ಯಾಗ ಓದಿದ ನೆನಪ. ಮತ್ತೊಂದು ನೋಟೀಸ ಹಚ್ಚಿ, ಹಾಲಿನ್ಯಾಗ ಖುರ್ಚಿ ಹಾಕಿ ಕಾದ. ಚಂದ್ರ ಬರಲಿಲ್ಲ. ಚಂದ್ರನಿಗೆ ಬಾಧೆ ಇಲ್ಲವೆಂದು ಭಾವಿಸಲಾತು.

ಅವತ್ತಿಂದ ಮಧ್ಯಾಹ್ನ ಆದ ಕೂಡ್ಲೆ ಶಾಲನ ಗಚ್ಚಿಮ್ಯಾಲ ನಿಂತು "ಸುನಂದಾಬಾಯಿ, ಭರತಿ ಬಂತು" ಅಂತಾಳ. ಸುನಂದಾಬಾಯಿ ಭಟ್ಟಿ ಆರಿಸಿ, ಕೈ ತೊಳಕೊಂಡು, ಚಹಾಕ್ಕ ಇಡತಾಳ. ಟೆಂಪೋದಾಂವ ಓಹೋಟಿ ನೋಡಿ ಬರತಾನ. ಗುಬ್ಬಿಗೂ ಹೊತ್ತ ಗೊತ್ತಾಗೈತಿ.

ಮೊನ್ನೆ ಅಥಣಿ ಕಡಿಂದ ದವಾಖಾನಿಗೆ ಪೇಶಂಟ್ ಕರಕೊಂಡ ಬಂದ ಹಿರೇ ಮನುಷ್ಯಾ ಒಬ್ಬಾಂವ, ಮಧ್ಯಾಹ್ನ ಅಂಗಡಿಗೆ ಬಂದ. ಧೋತರ, ಪಟಕ, ಕಾಲಾಗ ಹೊಸಾ ಚಪ್ಪಲಿ. ಬಿಸಿ ಫುಟಾಣಿ ಕೇಳಿದ.

"ಬಿಸಿ ಇಲ್ರಿ," ಅಂದ ಜಾಕೀಟ ಹಾಕ್ಕೊಂಡ ಗುರುಸಿದ್ಧಪ್ಪ. "ಭರತಿ ಐತಿ. ನೀರ ಇಳದಮ್ಯಾಗ ಬರ್ರಿ."

ಆ ಮನುಷ್ಯಾ ಓಣಿ ನೋಡಿದ. ಧೂಳ, ಸಿಪ್ಪಿ, ನಡುವ ಮಕ್ಕೊಂಡ ನಾಯಿ. ಚಿಮಣಿ ಮ್ಯಾಲಿನ ಕೆಂಪ ದೀಪ ನೋಡಿದ. ಗ್ವಾಡಿಗೆ ಹಚ್ಚಿದ ಸರ್ಕಾರಿ ಹುಕುಂ ಕಡೀತನ ಓದಿದ. ಆಮ್ಯಾಲ ಚಪ್ಪಲಿ ಬಿಚ್ಚಿ ಕೈಯಾಗ ಹಿಡಕೊಂಡ, ಧೋತರ ಮೊಣಕಾಲತನ ಎತ್ತಿ, ಸಾವಕಾಶ ಒಂದೊಂದ ಹೆಜ್ಜಿ ಇಡಕೋತ ಓಣಿ ದಾಟಾಕ ಹತ್ತಿದ.

ಶಾಲನ ಗಚ್ಚಿಮ್ಯಾಲಿಂದ ಬಗ್ಗಿ ನೋಡಿದ್ಲು.

"ಯಜಮಾನ್ರ, ಗ್ವಾಡಿ ಹಿಡಕೊಂಡ ಹೋಗ್ರಿ," ಅಂದ್ಲು. "ನಡುವ ಆಳ ಐತಿ."