ನೈಜೀರಿಯಾದ ಗೆಸ್ಟಣ್ಣ ಅಂಕೋಲೆಯಲ್ಲಿ ಇಳಿದದ್ದು

ಆರಡಿ ಎಂಟಂಗುಲದ ನೈಜೀರಿಯಾದ ಆಟಗಾರನೊಬ್ಬನಿಗೆ ಬಾಸ್ಕೆಟ್‌ಬಾಲ್ ಕಲಿಸಿದವ ನಾನು. ಸುಳ್ಳು. ಆ ಆಟದಲ್ಲಿ ನನಗೆ ಗೊತ್ತಿರುವುದು ಎರಡೇ: ಚೆಂಡು ದೊಡ್ಡದು, ಬುಟ್ಟಿಗೆ ತಳ ಇಲ್ಲ. ನಾನು ಅವನಿಗೆ ಕಲಿಸಿದ್ದು ಬಂಗಡೆ ಮೀನಿನ ಮುಳ್ಳು ಬಿಡಿಸುವುದನ್ನು. ಅದನ್ನೂ ಪೂರ್ತಿ ಕಲಿಸಲಿಲ್ಲ. ಬಂಗಡೆ ನನಗೂ ಬೇಕಿತ್ತು.

ಇಂಥವೆಲ್ಲ ನನಗೇ ಯಾಕೆ ಗಂಟು ಬೀಳುತ್ತವೆಯೋ, ದೇವರಿಗೇ ಗೊತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಕಾರವಾರದಲ್ಲಿ ನನ್ನದೊಂದು ಎಸ್‌ಟಿಡಿ ಬೂತು. ಫೋನು ಬಿಟ್ಟಿ ಮಾಡಬಹುದೆಂಬ ಒಂದೇ ಕಾರಣಕ್ಕೆ ಊರಿನ ಬಾಸ್ಕೆಟ್‌ಬಾಲ್ ಕ್ಲಬ್ಬಿನವರು ನನ್ನನ್ನು ಮ್ಯಾನೇಜರ್ ಮಾಡಿದ್ದರು. ಆ ವರ್ಷದ ಟೂರ್ನಮೆಂಟಿಗೆ ನಾವು ಹೊರಗಿನ ಒಬ್ಬನನ್ನು ಕರೆಸಿದೆವು. ಫಾರ್ಮಿನಲ್ಲಿ ಅವನನ್ನು ‘ಗೆಸ್ಟ್ ಪ್ಲೇಯರ್’ ಅಂತ ಬರೆದದ್ದು. ಊರಿನವರು ‘ಗೆಸ್ಟಣ್ಣ’ ಅಂತ ಮಾಡಿಕೊಂಡರು.

ಲಾಗೋಸಿನಲ್ಲಿ ಎರಡು ಸೀಸನ್ ಸಂಬಳಕ್ಕೆ ಆಡಿದವ. ಅವನ ಕ್ಲಬ್ಬು ಮುಚ್ಚಿಹೋದ ಮೇಲೆ ಓದಲಿಕ್ಕೆಂದು ಧಾರವಾಡಕ್ಕೆ ಬಂದಿದ್ದ. ಓದು ನೆಪ. ಅವನಿಗೆ ಬೇಕಿದ್ದದ್ದು ಮತ್ತೆ ಸಂಬಳದ ಆಟ. ನಮ್ಮ ಫೈನಲ್ ನೋಡಲು ಗೋವಾದ ಹಿರಿಯ ಕೋಚೊಬ್ಬರು ಬರುವವರಿದ್ದರು. ಪೋರ್ಚುಗಲ್ಲಿನ ಕ್ಲಬ್ಬುಗಳಿಗೆ ಆಟಗಾರರನ್ನು ಆರಿಸಿ ಕಳಿಸುವವರು.

“ಅವರು ನನ್ನನ್ನು ಒಂದು ಸಲ ನೋಡಿದರೆ ಸಾಕು” ಅಂದ ಫೋನಿನಲ್ಲಿ.

“ನಿನ್ನನ್ನು ನೋಡದೇ ಇರೂದೇ ಕಷ್ಟ, ಬಾ ಮಾರಾಯಾ” ಅಂದೆ ನನ್ನ ಹರಕು ಇಂಗ್ಲಿಷಿನಲ್ಲಿ.

ಸ್ಟಾಪಿಲ್ಲದ ಊರು

ಹುಬ್ಬಳ್ಳಿಯಿಂದ ಬರುವ ಬಸ್ಸು ಯಲ್ಲಾಪುರದ ಮೇಲೆ ಹಾದು ಅಂಕೋಲೆಗೆ ಇಳಿಯುತ್ತದೆ. ಯಲ್ಲಾಪುರದ ಕಾಡಿನ ಕಡೆ ಸಿದ್ದಿ ಜನ ಇದ್ದಾರಲ್ಲ, ಅವರ ಹಿರಿಯರು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಬಂದವರು. ಈಗಿನವರು ನನಗಿಂತ ಚಂದ ಕನ್ನಡ ಮಾತಾಡುತ್ತಾರೆ. ಕಂಡಕ್ಟರ್ ಗೆಸ್ಟಣ್ಣನನ್ನು ನೋಡಿದ್ದೇ, ಇವ ಯಲ್ಲಾಪುರದವ ಅಂತ ತೀರ್ಮಾನ ಮಾಡಿಬಿಟ್ಟ. ನಾನು ಬಸ್ಸಿನಲ್ಲಿ ಇರಲಿಲ್ಲ, ಆದರೂ ಕಣ್ಣಾರೆ ಕಂಡಂತೆ ಹೇಳುತ್ತೇನೆ.

ಯಲ್ಲಾಪುರದಲ್ಲಿ ಕಂಡಕ್ಟರ್ ಇವನ ಭುಜ ತಟ್ಟಿದನಂತೆ. “ಏ ತಮ್ಮಾ, ನಿಮ್ಮೂರು ಬಂತು, ಇಳೀಪಾ.” ಇವ ಇಂಗ್ಲಿಷಿನಲ್ಲಿ ಏನೋ ಹೇಳಿದ. ಇವನು ಅಲ್ಲಾಡಲಿಲ್ಲ, ಅವನು ಬಿಡಲಿಲ್ಲ.

ನಾನು ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಕಂಡಕ್ಟರ್ ಮೊದಲು ಇಳಿದವನೇ ನನ್ನ ಮೇಲೆ ಬಂದ. “ನಿಮ್ಮ ಮನಷ್ಯಾ ಏನ್ರೀ ಇಂವಾ? ಕನ್ನಡ ಬರ್ತೈತಿ, ಬರೂದಿಲ್ಲ ಅಂತ ಶೋಕಿ ಮಾಡ್ತಾನ. ಊರು ಯಾವ್ದಪಾ ಅಂದ್ರ ನೈಜೀರಿಯಾ ಅಂತಾನ!”

“ಹೌದ್ರೀ, ಅವನ ಊರು ಅದೇ.”

“ಇರ್ಲಿ ಬಿಡ್ರಿ. ನಾನೂ ಹೇಳೀನಿ, ಇದು ಎಕ್ಸ್‌ಪ್ರೆಸ್ ಗಾಡಿ, ಅಲ್ಲೆಲ್ಲಾ ನಿಲ್ಲೂದಿಲ್ಲ. ಲೋಕಲ್ ಬಸ್ಸಿಗೆ ಹೋಗು ಅಂತ.”

ಹಿಲ್ಲೂರಿನ ಅಜ್ಜಿ

ಅಲ್ಲಿಂದ ಅವನನ್ನು ಹಿಲ್ಲೂರಿನ ನಮ್ಮ ಅಕ್ಕನ ಮನೆಗೆ ಊಟಕ್ಕೆ ಕರೆದೊಯ್ದೆ. ಅಕ್ಕನ ತೋಟದ ಕೆಲಸಕ್ಕೆ ಸಿದ್ದಿ ಅಜ್ಜಿಯೊಬ್ಬಳು ಬರುತ್ತಿದ್ದಳು. ಅಜ್ಜಿ ಕತ್ತಿ ಕೆಳಗಿಟ್ಟು, ಅವನ ಸುತ್ತ ಒಂದು ಸುತ್ತು ಬಂದು, ಕೈ ಹಿಡಿದು ಕೇಳಿದಳು: “ಯಾರ ಮನೆ ಹುಡುಗನೋ ತಮಾ?”

“ಅಜ್ಜಿ, ಅವ ಆಫ್ರಿಕಾದಿಂದ ಬಂದವ” ಅಂದೆ.

“ಹೌದಾ? ನಾವೂ ಅಲ್ಲಿಂದೇ ಬಂದದ್ದಂತೆ, ನಮ್ಮಜ್ಜಿ ಹೇಳ್ತಿತ್ತು.” ಅವನ ಮುಖವನ್ನು ಮತ್ತೊಮ್ಮೆ ದಿಟ್ಟಿಸಿದಳು. “ಹಂಗಾರೆ ಇವ ಎಂತಕ್ಕೆ ಇಷ್ಟು ತಡಾ ಮಾಡಿದ?”

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಗೆಸ್ಟಣ್ಣ ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಆಮೇಲೆ ಅಜ್ಜಿಗೆ ಹೇಳಲು ಒಂದು ಉತ್ತರ ಕೊಟ್ಟ: “ದಾರಿಯಲ್ಲಿ ಕಂಡಕ್ಟರ್ ಜಗಳ ಮಾಡಿದ.”

ನಮಸ್ಕಾರಕ್ಕೆ ನಮ್ಮಲ್ಲಿ ಏನು ಹೇಳುತ್ತಾರೆ

ಅವನಿಗೆ ಕಾರವಾರದ ಪಕ್ಕದ ಬಿಣಗಾದಲ್ಲಿ, ಹೆದ್ದಾರಿ ಬದಿಯ ಕ್ವಾರ್ಟರ್ಸಿನಲ್ಲಿ ಖಾಲಿ ಮನೆ ಕೊಡಿಸಿದೆವು. ಎದುರಿಗೇ ಸಿಮೆಂಟಿನ ಕೋರ್ಟು. ಬಂದ ಮರುದಿನ ಅವ ಕೇಳಿದ, “ಇಲ್ಲಿ ಹೆಂಗಸರಿಗೆ ಮರ್ಯಾದೆಯಿಂದ ನಮಸ್ಕಾರ ಹೇಳುವುದು ಹೇಗೆ?”

ನನ್ನ ನಾಲಿಗೆ ನನ್ನ ಮಾತು ಕೇಳಿದ್ದರೆ ನಾನು ಇಷ್ಟೊತ್ತಿಗೆ ಎಮ್ಮೆಲ್ಲೆ ಆಗಿರುತ್ತಿದ್ದೆ. “ಹಸಿವಾಗ್ತದೆ ಅಕ್ಕಾ ಅನ್ನು” ಅಂದೆ.

ಅವ ಮರ್ಯಾದಸ್ಥ. ಕಂಡಕಂಡವರಿಗೆಲ್ಲ ಕೈಮುಗಿದು “ಹಸಿವಾಗ್ತದೆ ಅಕ್ಕಾ” ಅಂದ. ಮೊದಲ ಮನೆಯಲ್ಲಿ ತಿಸ್ರೆ ಚಿಪ್ಪಿನ ಸುಕ್ಕೆ, ಎರಡನೇ ಮನೆಯಲ್ಲಿ ಬಂಗಡೆ ಸಾರು, ಮೂರನೆಯದರಲ್ಲಿ ಗಂಜಿ, ಅದರ ಜೊತೆ ಹುರಿದ ಮೀನು. ಬೇಡ ಅಂದರೆ ಅವಮಾನವಾದೀತು ಅಂತ ಎಲ್ಲವನ್ನೂ ತಿಂದ. ಮೂರೇ ವಾರದಲ್ಲಿ ಅವನ ಜಿಗಿತ ಅರ್ಧಕ್ಕೆ ಇಳಿಯಿತು. ಮೊದಲು ಮೊಣಕೈಯನ್ನೇ ರಿಂಗಿನ ಮಟ್ಟಕ್ಕೆ ಒಯ್ಯುತ್ತಿದ್ದವ ಈಗ ಬೆರಳು ತಾಗಿಸಲು ಉಸ್ಸೆನ್ನುತ್ತಿದ್ದ.

“ಕೋಚ್ ಬರುವಾಗ ನಾನು ಹೀಗಿದ್ದರೆ ಎಲ್ಲ ಮುಗಿಯಿತು” ಅಂದ ಒಂದು ಸಂಜೆ, ಹೊಟ್ಟೆ ಸವರಿಕೊಳ್ಳುತ್ತ. “ನಿಮ್ಮ ಜನ ಎಷ್ಟು ಒಳ್ಳೆಯವರು! ಬರೀ ನಮಸ್ಕಾರ ಹೇಳಿದರೂ ಊಟ ಹಾಕುತ್ತಾರೆ.”

ಅವನ ಮುಖ ನೋಡಿ ನನಗೆ ಮೊದಲ ಸಲ ನನ್ನ ಚೇಷ್ಟೆಯ ಮೇಲೇ ಸಿಟ್ಟು ಬಂತು. ಆದರೂ ನಿಜ ಹೇಳಲು ಧೈರ್ಯ ಸಾಲಲಿಲ್ಲ. ಅವನ ಕೈ ನನ್ನ ತಲೆಗಿಂತ ದೊಡ್ಡದು. “ನಾಳೆಯಿಂದ ನಮಸ್ಕಾರದ ಮಾತು ಬದಲು. ಹೊಟ್ಟೆ ತುಂಬಿದೆ ಅಕ್ಕಾ ಅನ್ನು” ಅಂದೆ.

ಮರುದಿನ ಮೂರು ಮನೆಯವರೂ ನನ್ನ ಬೂತಿಗೆ ಬಂದರು. “ಅವಳ ಮನೆಲಿ ಉಂಡ್ಕಂಡು ನಮ್ಮನೆಲಿ ಹೊಟ್ಟೆ ತುಂಬಿದೆ ಅಂತಾನಲ್ಲ, ನಮ್ಮ ಸಾರಿಗೆ ಎಂತ ಆಗಿದೆ?” ಅಂತ ಮೂವರೂ ಒಬ್ಬರನ್ನೊಬ್ಬರು ತೋರಿಸಿ ಕೇಳಿದರು. ಅಂದಿನಿಂದ ಊಟ ದುಪ್ಪಟ್ಟಾಯಿತು.

ಯಾವ ಶಿಫ್ಟು?

ಕೊನೆಗೆ ಉಳಿದ ಉಪಾಯ ಓಟ. ಬೆಳಿಗ್ಗೆ ಬಿಣಗಾದಿಂದ ಕಾರವಾರ ಪೇಟೆ ದಾಟುವವರೆಗೆ ಓಡಿಸಿದೆ. ಕೈಗಾ ಅಣುಸ್ಥಾವರಕ್ಕೆ ಡ್ಯೂಟಿಗೆ ಹೋಗುವವರ ಬಸ್ಸಿನ ಡ್ರೈವರ್, ಪಾಪ, ಯಾರೋ ಬಸ್ ತಪ್ಪಿದವ ಅಂದುಕೊಂಡು ನಿಧಾನ ಮಾಡುತ್ತಿದ್ದ. ಒಳಗಿದ್ದವರು ಕಿಟಕಿಯಿಂದ “ಹತ್ತೋ, ಹತ್ತೋ!” ಅಂತ ಕೈ ಬೀಸುತ್ತಿದ್ದರು. ಹುರಿದುಂಬಿಸುತ್ತಿದ್ದಾರೆ ಅಂದುಕೊಂಡು ಇವ ಬಸ್ಸನ್ನೇ ಹಿಂದೆ ಹಾಕುತ್ತಿದ್ದ.

ವಾರ ಕಳೆದ ಮೇಲೆ ಆ ಡ್ರೈವರ್ ನನ್ನ ಬೂತಿಗೆ ಬಂದು ಕೇಳಿದ. “ಅವಂದು ಯಾವ ಶಿಫ್ಟು ಮಾರಾಯ್ರೆ? ನಮಗಿಂತ ಮೊದ್ಲೇ ಮುಟ್ಟೂದಾದ್ರೆ ಈ ಬಸ್ ಎಂತಕ್ಕೆ?”

ಅಷ್ಟರಲ್ಲಿ ಜಿಗಿತ ವಾಪಸು ಬಂದಿತ್ತು.

ಯೋ!

ಫೈನಲ್. ಎದುರಾಳಿ ಗೋವಾದ ತಂಡ. ಕೋಚ್ ಸಾಹೇಬರು ಮುಂದಿನ ಕುರ್ಚಿಯಲ್ಲಿ, ಕೈಯಲ್ಲಿ ನೋಟ್‌ಬುಕ್ಕು. ಪ್ರಾಕ್ಟೀಸಿನಲ್ಲಿ ಗೆಸ್ಟಣ್ಣ ಚೆಂಡು ಬೇಕಾದರೆ ಸುಮ್ಮನೆ ಕೈ ಎತ್ತುತ್ತಿದ್ದ. ಅವತ್ತು ಜನರ ಗಲಾಟೆ ಎಷ್ಟಿತ್ತೆಂದರೆ, ಬಾಯಿಬಿಟ್ಟು ಕೂಗಿದ: “ಯೋ!” ಅವನ ಲಾಗೋಸಿನ ಮೈದಾನದಲ್ಲಿ ಹಾಗೆಂದರೆ ‘ಏಯ್, ಇಲ್ಲಿ ಕೊಡು’ ಅಂತ. ನಮ್ಮ ನಾಲ್ವರು ಹುಡುಗರೂ ಮನೆಯಲ್ಲಿ ಕೊಂಕಣಿ ಆಡುವವರು. ಕೊಂಕಣಿಯಲ್ಲಿ ‘ಯೋ’ ಅಂದರೆ ‘ಬಾ’.

ಬಂದರು. ನಾಲ್ವರೂ ಓಡಿ ಬಂದು ಅವನ ಸುತ್ತ ನಿಂತರು. ಚೆಂಡು ಹಿಡಿದವನೂ ಬಂದ. ಎದುರಾಳಿಗಳು ಅವನ ಕೈಯಿಂದ ಚೆಂಡನ್ನು ಪ್ರಸಾದದಂತೆ ತೆಗೆದುಕೊಂಡು ಹೋದರು. ಹೀಗೇ ಐದಾರು ಸಲ. ಕೋಚ್ ನೋಟ್‌ಬುಕ್ಕು ಮುಚ್ಚಿ ಮಡಿಲಲ್ಲಿಟ್ಟರು. ಅದನ್ನು ಗೆಸ್ಟಣ್ಣನೂ ನೋಡಿದ.

ಹಾಫ್‌ಟೈಮಿನಲ್ಲಿ ಟವೆಲಿನಲ್ಲಿ ಮುಖ ಮುಚ್ಚಿ ಕೂತಿದ್ದ. ನಾನು ‘ಯೋ’ದ ಅರ್ಥ ಬಿಡಿಸಿ ಹೇಳಿದೆ. ಟವೆಲು ನಿಧಾನವಾಗಿ ಕೆಳಗೆ ಬಂತು.

“ಗೋವಾದವರ ಮನೆಯಲ್ಲೂ ಇದೇ ಭಾಷೆಯೋ?”

“ಇದೇ. ತೊಟ್ಟಿಲಿನಿಂದ ಇದೇ.”

ಮತ್ತೆ ಅವ ಕೂಗಲಿಲ್ಲ. ಮೌನವಾಗಿ ಆಡಿದ, ರಿಂಗಿಗೆ ಜೋತುಬಿದ್ದು ಆಡಿದ. ಆದರೂ ಕೊನೆಯ ಗಳಿಗೆಯಲ್ಲಿ ನಾವು ಒಂದು ಪಾಯಿಂಟ್ ಹಿಂದೆ, ಚೆಂಡು ಅವರ ಹತ್ತಿರ. ಅವರ ಹುಡುಗ ಚೆಂಡು ಪುಟಿಸುತ್ತ ಹೊತ್ತು ಕಳೆಯುತ್ತಿದ್ದ. ಗೆಸ್ಟಣ್ಣ ಅವನೆದುರು ಕುಕ್ಕರಗಾಲಲ್ಲಿ ಕೂತ. ಎರಡೂ ಕೈ ಅಗಲಿಸಿದ. ನಡಿಗೆ ಕಲಿಯುವ ಮಗುವನ್ನು ತಾಯಿ ಕರೆಯುವ ದನಿಯಲ್ಲಿ ಅಂದ: “ಯೋ... ಯೋ ಬಾಬಾ, ಯೋ...”

ಆ ಹುಡುಗನಿಗೆ ಏನಾಯಿತೋ! ಪುಟಿಸುವುದನ್ನು ಮರೆತು, ಚೆಂಡನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ನಾಲ್ಕು ಹೆಜ್ಜೆ ನಡೆದು ಹತ್ತಿರ ಬಂದ. ಪುಟಿಸದೆ ನಡೆದರೆ ತಪ್ಪು. ರೆಫ್ರಿ ಸೀಟಿ ಊದಿದರು. ಚೆಂಡು ನಮಗೆ ಬಂತು, ನಮ್ಮವರು ಗೆಸ್ಟಣ್ಣನಿಗೆ ಎಸೆದರು, ಅವ ಹಾರಿ ಬುಟ್ಟಿಯೊಳಗೆ ತುರುಕಿದ. ಒಂದು ಪಾಯಿಂಟಿನಿಂದ ಗೆದ್ದೆವು!

ಗಲಾಟೆ ಇಳಿದ ಮೇಲೆ ನಾನು ಕೋಚ್ ಸಾಹೇಬರನ್ನು ಹುಡುಕಿದೆ. ಕುರ್ಚಿ ಖಾಲಿ. ಹೋಗಿಯೇ ಬಿಟ್ಟರೇನೋ ಅಂದುಕೊಂಡೆ. ನೋಡಿದರೆ ಅವರು ಕೋರ್ಟಿನ ಗೆರೆ ದಾಟಿ ಒಳಗೆ, ಆ ಹುಡುಗನ ಪಕ್ಕದಲ್ಲೇ ನಿಂತಿದ್ದರು. ಮುಖ ಕೆಂಪಾಗಿತ್ತು.

“ಸಾಹೇಬರೆ, ನೀವು ಇಲ್ಲಿ?”

“ಎಂತ ಮಾಡೂದು? ಅಷ್ಟು ಪ್ರೀತಿಯಿಂದ ಕರೆದ, ಬಂದುಬಿಟ್ಟೆ” ಅಂದರು. ಆಮೇಲೆ ನೋಟ್‌ಬುಕ್ಕು ತೆರೆದು ಗೆಸ್ಟಣ್ಣನ ಹೆಸರಿನ ಸ್ಪೆಲಿಂಗ್ ಕೇಳಿದರು. ಮೂರು ತಿಂಗಳಿಗೆ ಅವ ಪೋರ್ಚುಗಲ್ಲಿನಲ್ಲಿ ಸಂಬಳಕ್ಕೆ ಆಡುತ್ತಿದ್ದ.

ನಗಬೇಡಿ, ಇದರಲ್ಲಿ ಮುಕ್ಕಾಲು ಪಾಲು ನಿಜ. ಅಗೋ ನನ್ನ ಬಸ್ಸು ಬಂತು, ಜೇಬಿನಲ್ಲಿ ಚಿಲ್ಲರೆ ಇಲ್ಲ. ಈ ನನ್ನ ಚಾದ ದುಡ್ಡೂ ನೀವೇ ಕೊಟ್ಟುಬಿಡಿ, ಆಯ್ತಾ?