ಐನೂರಾ ಎಪ್ಪತ್ತಾರು ಪಾಳಿ

ಪಾಳಿ ಬದಲಿಸಿ ಎಂದರೆ ಸಾಕು, "ಲೆಕ್ಕ ಕೂಡಂಗಿಲ್ಲ" ಅನ್ನುವವನೊಬ್ಬ ಎಲ್ಲಿ ಹೋದರೂ ನನಗೆ ಎದುರಾಗುತ್ತಾನೆ. ನಾನು ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನು. ಈ ಲೆಕ್ಕ ಕಲಿಸಿದ್ದು ನಮ್ಮ ದೊಡ್ಡವ್ವನ ಕೆಮ್ಮು. ರಾಯಚೂರಿನ ಒಂದು ರೈಸ್ ಮಿಲ್ಲಿನಲ್ಲಿ ಅವಳೂ ಸೇರಿ ನಾಲ್ವರು ಹೆಂಗಸರು, ನಾಲ್ಕು ಕೆಲಸ. ಹೊಟ್ಟು ತುಂಬುವ ಧೂಳಿನ ಕೋಣೆ ಮಾತ್ರ ವರ್ಷಗಟ್ಟಲೆ ದೊಡ್ಡವ್ವನಿಗೇ. "ನಾಕು ಮಂದೀನ ಸರಿಯಾಗಿ ತಿರುಗಿಸೋ ಪಟ್ಟಿ ಒಂದೂ ಆಗಂಗಿಲ್ಲ" ಎಂದ ಮ್ಯಾನೇಜರ್. ಎಷ್ಟು ಆಗುತ್ತವೆಂದು ಎಣಿಸಿಕೊಂಡೇ ಬರುತ್ತೇನೆ ಅಂದೆ.

ದೇವದುರ್ಗದ ಎರಡು

ಸಣ್ಣದರಿಂದ ಶುರು ಮಾಡಿದೆ. ದೇವದುರ್ಗದ ಚಹಾ ಹೋಟೆಲೊಂದರಲ್ಲಿ ಇಬ್ಬರು ಕೆಲಸದವರು. ಒಬ್ಬ ಚಹಾ ಕೊಡುತ್ತಿದ್ದ. ದಿನಾ ಕಪ್ಪು-ಬಸಿ ತೊಳೆದು ಇನ್ನೊಬ್ಬನ ಕೈಯೆಲ್ಲ ಬಿರಿದಿತ್ತು. ಮಾಲಕನ ಮುಂದೆ ಚೌಕ ಗೀಚಿದೆ. ಅಡ್ಡಸಾಲು ದಿನ, ಉದ್ದಸಾಲು ಕೆಲಸ. ಯಾವ ಸಾಲಿನಲ್ಲೂ ಒಂದು ಹೆಸರು ಎರಡು ಸಲ ಬರಬಾರದು.

"ಎರಡೇ ತರ ಅದಾವ್ರಿ. ಯಾವುದು ಬೇಕು?"

ಮಾಲಕ ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ಸೀರೆ ಅಂಗಡಿಯಲ್ಲಿ ಕೂತವನಂತೆ ಅಂದ: "ಇವು ಬ್ಯಾಡ. ಮೂರನೇದು ತೋರಸ್ರಿ."

ಮಾನ್ವಿಯ ಹನ್ನೆರಡು

ಮೂರರ ಲೆಕ್ಕ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ನಡೆಯಿತು. ಪೇಪರಿನ ಮೇಲೆ ಮೂರು ಮಿರ್ಚಿ, ಮೂರು ವಡೆ, ಮೂರು ಉಳ್ಳಾಗಡ್ಡಿ ತುಂಡು ಇಟ್ಟು ಜೋಡಿಸುತ್ತಿದ್ದೆ. ಪಕ್ಕದಲ್ಲಿದ್ದ ಬಾಗಲವಾಡದ ಹಿರಿಯರೊಬ್ಬರು ನಡುವಿನ ಮಿರ್ಚಿ ಎತ್ತಿ ಬಾಯಿಗೆ ಹಾಕಿಕೊಂಡರು.

"ಯಪ್ಪಾ! ಒಂಬತ್ತನೇ ತರ ಎಣಸಾಕತ್ತಿದ್ದೆ!"

"ಅದಕ್ಕ ತಿಂದೆ. ಹನ್ನೆರಡು ಆಗೋದ್ರಾಗ ತಣ್ಣಗಾಗ್ತಿತ್ತು."

ನಾನಿನ್ನೂ ಹೇಳಿರಲಿಲ್ಲ. ಒಟ್ಟು ಹನ್ನೆರಡೇ ಎಂದು ಅವರು ಕೂತಲ್ಲೇ ಎಣಿಸಿ ಮುಗಿಸಿದ್ದರು!

ರಾಯಚೂರಿನ ನಾಲ್ಕು

ನಾಲ್ವರು, ನಾಲ್ಕು ಕೆಲಸ, ನಾಲ್ಕು ವಾರ. ಮೊದಲ ವಾರದ ಸಾಲು ಬರೆಯಲು ಇಪ್ಪತ್ನಾಲ್ಕು ದಾರಿ. ಪ್ರತಿಯೊಂದರ ಕೆಳಗೂ ಉಳಿದ ಮೂರು ವಾರ ತುಂಬಲು ಮತ್ತೆ ಇಪ್ಪತ್ನಾಲ್ಕು. ಎರಡು ನೋಟ್‌ಬುಕ್ ತುಂಬಿಸಿ ಮ್ಯಾನೇಜರನ ಟೇಬಲ್ಲಿಗೆ ಬಡಿದೆ.

"ಒಂದೂ ಆಗಂಗಿಲ್ಲ ಅಂದ್ರಲ್ಲಾ? ಐನೂರಾ ಎಪ್ಪತ್ತಾರು ಅದಾವ. ನಿಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ!"

ಹೆಂಗಸರು ಬಾಗಿಲಿಗೆ ಬಂದು ನಿಂತರು. ಮೊದಲ ಹಾಳೆ ಗೋಡೆಗೆ ಅಂಟಿಸದೆ ಅವನಿಗೆ ಗತಿ ಇರಲಿಲ್ಲ. ಆ ವಾರ ದೊಡ್ಡವ್ವನಿಗೆ ಅಂಗಳದಲ್ಲಿ ನೆಲ್ಲು ಒಣಗಿಸುವ ಕೆಲಸ ಬಂತು. ಆದರೂ ಅವನು ಹಾಳೆ ತಿರುವುತ್ತಲೇ ಇದ್ದ.

"ಈಕಿ ನಾಕೂ ವಾರ ಹೊಟ್ಟಿನ ಕೋಣ್ಯಾಗ ಇರೋ ಪಟ್ಟಿ ಇದ್ರಾಗ ಯಾವುದೈತಿ?"

ದೊಡ್ಡವ್ವ ಸೆರಗು ಕೊಡವಿ ಅಂದಳು: "ಅದು ಐನೂರಾ ಎಪ್ಪತ್ತೇಳನೇದು ಸಾಹೇಬರ. ಅದ್ರಾಗ ನನ್ನ ಹೆಸರು ಹೊಡದು ನಿಮ್ಮದು ಬರದೀವಿ."